ನೀರಡಿಕಿ ಲೆಕ್ಕ

ಮುಂಜಾನಿ ಆರಕ್ಕ ಅರ್ಧ ಕಪ್ಪು ಛಾ.
ಆಮ್ಯಾಲ ಏನೂ ಇಲ್ಲ.
ಹತ್ತೂವರಿಗಿ ಮೀಟಿಂಗು, ಮುಗಿಯೂದು ಮೂರಕ್ಕ,
ಟಂಟಂ ಸಿಕ್ಕರ ನಾಕಕ್ಕ ಮನಿ.
ಈ ಲೆಕ್ಕ ಯಾವ ಸಾಲ್ಯಾಗೂ ಕಲಿಸಲಿಲ್ಲ,
ನಮ್ಮವ್ವ ಕಲಿಸಿದಳು:
ಹೊರಗ ಹೋಗೂ ದಿನ ನಾಲಿಗಿ ತೋಯ್ಸಬೇಕು,
ಗಂಟಲು ತೋಯ್ಸಬಾರದು.

ಚಿತ್ತಾಪುರದ ಈಚಿ ಕಡಿಗಿ ನಮ್ಮೂರು.
ನೆಲ ಅಗದರ ಪರಸಿ, ಮನಿ ಕಟ್ಟಿದರ ಪರಸಿ,
ಮೇ ತಿಂಗಳದಾಗ ಬರಿಗಾಲಿಟ್ಟರ
ಅಂಗಾಲು ಹಪ್ಪಳ.
ಪಂಚಾಯತಿ ಆಫೀಸಿಗೂ ಅದೇ ಪರಸಿ.
ಮೆಂಬರು ಹದಿಮೂರು, ಅದರಾಗ ಏಳು ಹೆಣ್ಣು.
ನಡುವಿನ ಕುರ್ಚಿ ಅಧ್ಯಕ್ಷಿಣಿದು,
ಬಾಜೂ ಕುರ್ಚಿ ಅಕಿ ಗಂಡಂದು,
ಮಾತೆಲ್ಲಾ ಬಾಜೂ ಕುರ್ಚಿದು.
ಮಂದಿ ಅಂತಾರ: ಈಗೇನು ಬಿಡ್ರಿ, ನಿಮ್ಮದೇ ರಾಜ್ಯ.

ಹನ್ನೊಂದಕ್ಕ ತಣ್ಣನ ನೀರಿನ ಬಾಟ್ಲಿ ಬರತಾವ.
ಗಂಡಸರು ಗಟಗಟ ಕುಡದು
ಒಬ್ಬೊಬ್ಬರೇ ಎದ್ದು
ಬೇವಿನ ಗಿಡದ ಆಚಿ ಗ್ವಾಡಿಗಿ ಹೋಗಿ
ಹಗೂರಾಗಿ ಬರತಾರ.
ಬಂದು ಅಭಿವೃದ್ಧಿ ಮಾತಾಡತಾರ.
ನಾವು ಬಾಟ್ಲಿ ಬ್ಯಾಗಿನಾಗ ಇಟಗೋತೀವಿ,
ಹುಡುಗರಿಗಿ ಆಗತದ ಅಂತ.
ಎರಡು ಹೊಡದ ಮ್ಯಾಲ ನನಗ
ಯಾರ ಮಾತೂ ಕಿವಿಗಿ ಬೀಳಂಗಿಲ್ಲ.
ಹೈಮಾಸ್ಟ್ ದೀಪಕ್ಕ ಕೈ ಎತ್ತೀನಿ,
ಸ್ವಾಗತ ಕಮಾನಿಗಿ ಎತ್ತೀನಿ.
ಲಗೂನ ಮುಗೀಲಿ ಅಂತ ಎತ್ತಿದ ಕೈ ಅವು,
ಠರಾವಿನಾಗ ಬರದಾರ: ಸರ್ವಾನುಮತದಿಂದ.

ಹೋದ ವರ್ಷ ಟೊಂಕದಾಗ ಚಳಕು ಹೊಡದು
ನಡುರಾತ್ರಿ ಕಲಬುರಗಿಗಿ ಒಯ್ದರು.
"ಹಳ್ಳು ಅವ, ಎರಡು.
ನೀರ್ಯಾಕ ಕುಡಿಯಂಗಿಲ್ಲ ಬಾಯಿ?" ಅಂದಳು ಡಾಕ್ಟರು.
ಯಾಕ ಅಂತ ಬರೀಲಿಕ್ಕ
ಆ ಚೀಟ್ಯಾಗ ಜಾಗಾ ಇರಲಿಲ್ಲ.
ನನ್ನ ಗಂಡ ಸಿದ್ರಾಮ
ಪಾಲಿಶ್ ಮಿಷನ್ನಿನ ಮ್ಯಾಲ ಕೂದಲು ಬೆಳ್ಳಗ ಮಾಡಿದಾವ,
ಸ್ಕ್ಯಾನಿನ ಫೋಟೋ ಬೆಳಕಿಗಿ ಹಿಡದು ನಕ್ಕ:
"ನಮ್ಮ ಖಣಿ ನಿನ್ನ ಹೊಟ್ಟಿಗೂ ಬಂತಲ್ಲ."
ನಾನೂ ನಕ್ಕೆ.
ದಿನಾ ತಂಬಗಿ ತುಂಬಿ ತಂದು
ಕುಡಿ ಅಂತ ಎದುರಿಗಿ ಕುಂಡರತಿದ್ದ.
ಒಂದಿನ ಕೇಳಿದೆ: ಕುಡೀತೀನಿ, ಎಲ್ಲಿ ಹೋಗಲಿ?
ಅವ ತಂಬಗಿ ನೋಡಿದ, ಬಾಗಲಾ ನೋಡಿದ.
ಹದಿನೆಂಟು ವರ್ಷ ಒಂದೇ ಹಾಸಿಗಿ,
ನಾ ದಿನಾ ಕತ್ತಲಿಗಾಗಿ ಕಾಯ್ತೀನಿ ಅಂತ
ಅವನಿಗಿ ಹೊಳದಿರಲಿಲ್ಲ.

ಸಂಡಾಸ ಇಲ್ಲಂತಲ್ಲ.
ಪಂಚಾಯತಿ ಹಿಂದ ಒಂದು ಅದ,
ಗುಲಾಬಿ ಬಣ್ಣದಾಗ 'ಮಹಿಳೆಯರಿಗೆ' ಅಂತ ಬರದದ.
ಒಳಗ ಬ್ಲೀಚಿಂಗ್ ಪೌಡರಿನ ಚೀಲ, ಹರದ ಬ್ಯಾನರು,
ಕಾಲು ಮುರದ ಕುರ್ಚಿ.
ಕೀಲಿಕೈ ಅಧ್ಯಕ್ಷಿಣಿ ಗಂಡನ ಉಡದಾರದಾಗ.

ಈ ಸಲ ಬಾಟ್ಲಿ ಬ್ಯಾಗಿಗಿ ಹಾಕಲಿಲ್ಲ.
ಎಲ್ಲಾರ ಮುಂದ ಬಿರಡಿ ತಗದು ಪೂರಾ ಕುಡದೆ.
ಬಾಜೂಕ ಮಹಬೂಬಿ ನನ್ನ ಮಾರಿ ನೋಡಿದಳು,
ತನ್ನದೂ ತಗದಳು. ಆಮ್ಯಾಲ ಗುರಬಾಯಿ,
ತಾಂಡಾದ ಘಮ್ಲಿಬಾಯಿ, ಒಂದೊಂದೇ ಗಂಟಲು.
ಅಧ್ಯಕ್ಷಿಣಿ ಕಡೀಗಿ ಕುಡದಳು,
ಗಂಡನ ಕಡಿ ನೋಡಲಾರದ.

ಕೀಲಿಕೈ ಕೊಡ್ರಿ ಅಂದೆ.
ಅದು ಅಜೆಂಡಾದಾಗ ಇಲ್ಲ ಅಂದರು.
ಹೌದ್ರಿ, ಅದು ಹೊಟ್ಟ್ಯಾಗ ಅದ,
ಇನ್ನ ಅರ್ಧ ತಾಸು ತಡೀತದ.
ಫ್ಯಾನು ತಿರಗತಿತ್ತು.
ಕಮಾನಿನ ಬಿಲ್ಲಿಗಿ ಯಾರೂ ಕೈ ಎತ್ತಲಿಲ್ಲ.

ಕೀಲಿ ತಗದರ ನಳ ಒಣಗಿತ್ತು.
ಒಂದು ಹಲ್ಲಿ ನಮ್ಮನ್ನ ಕಂಡು ಗಾಬರಿ ಆತು.
ಘಮ್ಲಿಬಾಯಿ ಬಾಗಲಿಗಿ ಸೆರಗು ಹಿಡದು ನಿಂತಳು,
ಚೀಲ ದಾಟಿ ಒಬ್ಬೊಬ್ಬರೇ ಹೋಗಿ ಬಂದಿವಿ.
ಗೆದ್ದಿವೇನು, ಗೊತ್ತಿಲ್ಲ.
ಮರುದಿನ ಮತ್ತ ಕೀಲಿ ಬಿತ್ತಂತ.

ಸಂಜಿಕ ಮಗಳ ಸಾಲಿ ಚೀಲ ಬಿಚ್ಚಿದೆ.
ನೀಲಿ ಬಾಟ್ಲಿ. ಮುಂಜಾನಿ ನಾನೇ ತುಂಬಿ ಕೊಟ್ಟಿದ್ದು.
ಕುತಗಿ ತನಾ ತುಂಬೇ ಅದ.

ನಾ ಅಕಿಗಿ ಏನೂ ಕಲಿಸಿದ್ದಿಲ್ಲ.